ಉದ್ಯೋಗ ಬಿಡದೆ ಎಂಬಿಎ: ಶಿವಮೊಗ್ಗದಿಂದ ಓಡಾಡಿ ಓದಿದವಳ ವಿಮರ್ಶೆ

ಶಿವಮೊಗ್ಗದ ಹತ್ತಿರದ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಫೌಂಡ್ರಿಯಲ್ಲಿ (ಕಬ್ಬಿಣದ ಎರಕದ ಕಾರ್ಖಾನೆಯಲ್ಲಿ) ಉತ್ಪಾದನಾ ಯೋಜನೆಯ ವಿಭಾಗವನ್ನು ನೋಡಿಕೊಳ್ಳುತ್ತಿರುವ ನಾನು, ಎಂಜಿನಿಯರಿಂಗ್ ಮುಗಿಸಿ ಹದಿಮೂರು ವರ್ಷ ದುಡಿದ ಮೇಲೆ, ಬೆಂಗಳೂರಿನ ಒಂದು ಸಂಸ್ಥೆಯ ಎರಡು ವರ್ಷಗಳ ಎಕ್ಸಿಕ್ಯೂಟಿವ್ ಎಂಬಿಎಗೆ ಸೇರಿದೆ. ಕೆಲಸವನ್ನೂ ಬಿಡಲಿಲ್ಲ, ಊರನ್ನೂ ಬಿಡಲಿಲ್ಲ. ಪದವಿ ಕೈಗೆ ಬಂದಾಗಿನಿಂದ ಭದ್ರಾವತಿ, ಸಾಗರ, ತೀರ್ಥಹಳ್ಳಿ ಕಡೆಯ ಪರಿಚಿತರು, ಅಷ್ಟು ಹಣ ಸುರಿದು ಅಷ್ಟು ಓಡಾಡಿದ್ದಕ್ಕೆ ಏನು ಸಿಕ್ಕಿತು ಎಂದು ಕೇಳುತ್ತಲೇ ಇದ್ದಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳುತ್ತ ಬಂದದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ನನ್ನ ದೂರುಗಳಲ್ಲಿ ಹಲವು ಇಂಥ ಬೇರೆ ಕೋರ್ಸುಗಳಿಗೂ ಅನ್ವಯಿಸುವುದರಿಂದ ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಹಣಕಾಸು ಮತ್ತು ಸಂಖ್ಯಾಶಾಸ್ತ್ರದ ಪಾಠಗಳು, ಸಹಪಾಠಿಗಳು ಮತ್ತು ಕೊನೆಯ ವರ್ಷದ ಪ್ರಾಜೆಕ್ಟ್, ಈ ಮೂರು ಕೊಟ್ಟ ಶುಲ್ಕಕ್ಕೆ ತಕ್ಕ ಬೆಲೆ ತಂದವು. ಮಿಕ್ಕ ಭಾಗದ ಬಗ್ಗೆ ಅದೇ ಮಾತನ್ನು ಹೇಳಲಾರೆ.

ಸೇರುವ ಮುಂಚೆ ತಿಳಿದಿರಬೇಕಾದ ಒಂದು ಸಂಗತಿಯಿದೆ. ಉದ್ಯೋಗಸ್ಥರಿಗೆಂದೇ ರೂಪಿಸಿದ ಎಂಬಿಎ ಮೊದಲು ಆರಂಭವಾದದ್ದು 1943ರಲ್ಲಿ, ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದಲ್ಲಿ. ನಮ್ಮಲ್ಲಿ ‘ಎಕ್ಸಿಕ್ಯೂಟಿವ್’ ಎಂಬ ಪದ ಈಗ ಎಷ್ಟು ಸಡಿಲವಾಗಿದೆಯೆಂದರೆ, ಎರಡು ವರ್ಷಗಳ ಪದವಿಗೂ ಆರು ತಿಂಗಳ ಪ್ರಮಾಣಪತ್ರಕ್ಕೂ ಅದನ್ನೇ ಅಂಟಿಸುತ್ತಾರೆ. ಪದವಿ, ಡಿಪ್ಲೊಮಾ, ಪ್ರಮಾಣಪತ್ರ ಇವು ಮೂರೂ ಬೇರೆ ಬೇರೆ. ದೇಶದ ಹೆಸರಾಂತ ನಿರ್ವಹಣಾ ಶಿಕ್ಷಣ ಸಂಸ್ಥೆಗಳಾದ ಐಐಎಂಗಳೇ 2017ರ ಐಐಎಂ ಕಾಯ್ದೆ 2018ರ ಜನವರಿಯಲ್ಲಿ ಜಾರಿಗೆ ಬರುವವರೆಗೆ ಡಿಪ್ಲೊಮಾಗಳನ್ನಷ್ಟೇ ನೀಡುತ್ತಿದ್ದವು. ಪದವಿ ನೀಡುವ ಅಧಿಕಾರ ಅವುಗಳಿಗೆ ಬಂದದ್ದು ಆ ಕಾಯ್ದೆಯಿಂದ. ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಓದುವವರು, ಆ ಸಂಸ್ಥೆಗೆ, ಆ ಕೋರ್ಸಿಗೆ, ತಾವು ಸೇರುವ ವರ್ಷಕ್ಕೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) ಮಾನ್ಯತೆ ಇದೆಯೇ ಎಂಬುದನ್ನು ಯುಜಿಸಿಯ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿ ತಾವೇ ನೋಡಬೇಕು. ಹಾಗೆ ಮಾನ್ಯತೆ ಪಡೆದ ಪದವಿಗಳು ಸಾಮಾನ್ಯ ಪದವಿಗಳಿಗೆ ಸಮಾನವೆಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ. ನಾನು ವಿಚಾರಿಸಲು ಶುರುಮಾಡಿದ ವಾರದಲ್ಲೇ ಒಂದು ಆನ್‌ಲೈನ್ ಶಿಕ್ಷಣ ಕಂಪನಿಯಿಂದ ದಿನಕ್ಕೆ ನಾಲ್ಕೈದು ಕರೆಗಳು ಬಂದವು. ಇಂದು ರಾತ್ರಿಯೊಳಗೆ ಹಣ ಕಟ್ಟಿದರೆ ಮಾತ್ರ ರಿಯಾಯಿತಿ ಎಂದು ಒತ್ತಾಯಿಸುತ್ತಿದ್ದವರು, ಕೊನೆಗೆ ಕೈಗೆ ಬರುವುದು ಪದವಿಯೋ ಪ್ರಮಾಣಪತ್ರವೋ ಎಂದು ಕೇಳಿದರೆ ಮಾತು ಬದಲಿಸುತ್ತಿದ್ದರು. ಆ ಒಂದು ಪ್ರಶ್ನೆಗೆ ನೇರ ಉತ್ತರ ಬರೆದು ಕೊಡದವರಿಗೆ ಹಣ ಕಟ್ಟಬೇಡಿ.

ನನ್ನ ಕೋರ್ಸಿನಲ್ಲಿ ಹದಿನೈದು ದಿನಕ್ಕೊಮ್ಮೆ ಶನಿವಾರ, ಭಾನುವಾರ ಪೂರ್ತಿ ತರಗತಿ ಇರುತ್ತಿತ್ತು. ಅದರ ಜೊತೆಗೆ ವಾರದ ನಡುವೆ ಎರಡು ಸಂಜೆ ಆನ್‌ಲೈನ್ ತರಗತಿ. ಶುಕ್ರವಾರ ರಾತ್ರಿ ತಾಳಗುಪ್ಪದಿಂದ ಮೈಸೂರಿಗೆ ಹೋಗುವ ರೈಲು ಹತ್ತಿ, ಬೆಳಕು ಹರಿಯುವ ಮುಂಚೆ ಬೆಂಗಳೂರಿನಲ್ಲಿ ಇಳಿದು, ನಿಲ್ದಾಣದ ವಿಶ್ರಾಂತಿ ಕೊಠಡಿಯಲ್ಲಿ ಮುಖ ತೊಳೆದು ಎಂಟೂವರೆಯ ತರಗತಿಗೆ ಕೂರುತ್ತಿದ್ದೆ. ಭಾನುವಾರ ರಾತ್ರಿ ಅದೇ ದಾರಿಯಲ್ಲಿ ಮರಳಿ, ಸೋಮವಾರ ಬೆಳಗ್ಗೆ ಕಾರ್ಖಾನೆಯ ಸಭೆಗೆ ಹಾಜರಾಗುತ್ತಿದ್ದೆ. ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಿಂದ 2023ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ವಿಮಾನ ಶುರುವಾಯಿತಾದರೂ ತಿಂಗಳಿಗೆ ಎರಡು ಬಾರಿಯ ಓಡಾಟಕ್ಕೆ ನನಗೆ ಒದಗಿದ್ದು ರೈಲೇ. ರೈಲಿನಲ್ಲಿ ಓದಬಹುದೆಂಬ ಲೆಕ್ಕಾಚಾರ ಮೊದಲ ತಿಂಗಳಲ್ಲೇ ತಪ್ಪಾಯಿತು. ರೈಲು ನಿದ್ದೆಗೆ, ಓದು ಬೆಳಗಿನ ನಾಲ್ಕೂವರೆಯಿಂದ ಆರೂವರೆಗೆ ಎಂದು ನಿಗದಿ ಮಾಡಿಕೊಂಡ ಮೇಲೆಯೇ ಪಾಠಗಳು ಕೈಗೆ ಹತ್ತಿದವು. ಹೀಗಾಗಿ ನಮ್ಮ ಕಡೆಯವರು ಶುಲ್ಕದ ಜೊತೆಗೆ ವಾರಾಂತ್ಯಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಡಿಕೆ ತೋಟವಿರುವ ಮನೆಗಳಲ್ಲಿ ಎಲ್ಲ ವಾರಾಂತ್ಯಗಳೂ ಒಂದೇ ತೂಕದವಲ್ಲ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಅಡಿಕೆ ಗೊನೆಯ ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು ಎಲ್ಲವೂ ಒಟ್ಟಿಗೆ ಬರುವ ನವೆಂಬರ್–ಡಿಸೆಂಬರ್ ತಿಂಗಳಲ್ಲೇ ನನ್ನ ಪರೀಕ್ಷೆಗಳೂ ಬಂದವು. ಎರಡು ವರ್ಷವೂ ಆ ಕೆಲಸದ ಭಾರವನ್ನು ಅತ್ತೆಯವರೇ ಹೊತ್ತರು.

ಇನ್ನು ಪಾಠದ ವಿಷಯ. ಹಣಕಾಸಿನ ಮೊದಲ ಪತ್ರಿಕೆಯಲ್ಲಿ ದುಡಿಯುವ ಬಂಡವಾಳದ ಚಕ್ರವನ್ನು ಕಲಿಸಿದರು. ಕಾರ್ಖಾನೆಯ ನಿಜವಾದ ಅಂಕಿಗಳನ್ನು ಇಲ್ಲಿ ಕೊಡಲಾಗದ ಕಾರಣ ಉದಾಹರಣೆಗೆ ಬೇರೆ ಅಂಕಿಗಳನ್ನು ಹಿಡಿಯುತ್ತೇನೆ. ಬೀಡುಕಬ್ಬಿಣ, ಗುಜರಿ ಮುಂತಾದ ಕಚ್ಚಾ ಸಾಮಗ್ರಿ 25 ದಿನ ಅಂಗಳದಲ್ಲಿರುತ್ತದೆ. ಎರಕವಾಗಿ ಕೆಲಸ ಮುಗಿಯಲು 15 ದಿನ. ಸಿದ್ಧ ಮಾಲು 10 ದಿನ. ಗಿರಾಕಿಯಿಂದ ಹಣ ಬರಲು 75 ದಿನ. ನಾವು ಸಾಮಗ್ರಿ ಕೊಟ್ಟವರಿಗೆ ಹಣ ಕೊಡುವುದು 30 ದಿನಕ್ಕೆ. ಮೊದಲ ನಾಲ್ಕನ್ನು ಕೂಡಿದರೆ 125, ಅದರಲ್ಲಿ ಈ 30 ಕಳೆಯಬೇಕು. ಅಂದರೆ ನಮ್ಮ ರೂಪಾಯಿ ಹೊರಗೆ ಹೋಗಿ ಮನೆಗೆ ಮರಳಲು 95 ದಿನ. ದಿನದ ಖರ್ಚು 3 ಲಕ್ಷ ರೂಪಾಯಿ ಎಂದಿಟ್ಟುಕೊಂಡರೆ 2 ಕೋಟಿ 85 ಲಕ್ಷ ಸದಾ ದಾರಿಯಲ್ಲೇ ಇರುತ್ತದೆ, ಬ್ಯಾಂಕಿಗೆ ಶೇ 10ರ ಬಡ್ಡಿ ಕಟ್ಟುವುದಾದರೆ ವರ್ಷಕ್ಕೆ 28.5 ಲಕ್ಷ. ಹದಿಮೂರು ವರ್ಷ ಉತ್ಪಾದನೆಯನ್ನು ಟನ್ನುಗಳಲ್ಲಿ ಅಳೆಯುತ್ತಿದ್ದ ನನಗೆ, ನನ್ನ ವಿಭಾಗದ ಒಂದೊಂದು ದಿನದ ವಿಳಂಬಕ್ಕೂ ಬೆಲೆ ಇದೆ ಎಂಬುದು ಆ ದಿನವೇ ಅಂಕಿಯಾಗಿ ಕಂಡಿತು.

ಆ ಪಾಠ ಪೂರ್ತಿಯಾದದ್ದು ಊಟದ ವೇಳೆಯಲ್ಲಿ, ಒಬ್ಬ ಸಹಪಾಠಿಯಿಂದ. ಸಣ್ಣ ಉದ್ಯಮಗಳಿಗೆ ಸಂಬಂಧಿಸಿದ 2006ರ ಕಾಯ್ದೆಯ ಪ್ರಕಾರ ನೋಂದಾಯಿತ ಸಣ್ಣ ಉದ್ಯಮಕ್ಕೆ ಕೊಳ್ಳುವವರು ಹೆಚ್ಚೆಂದರೆ 45 ದಿನಗಳೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ಕಾನೂನು ಹೀಗಿದ್ದರೂ ದೊಡ್ಡ ಗಿರಾಕಿಯನ್ನು ಬಡ್ಡಿ ಕೇಳುವ ಧೈರ್ಯ ನಮ್ಮಂಥವರಿಗೆ ಎಲ್ಲಿಂದ ಬರಬೇಕು ಎಂದು ನಾನು ತರಗತಿಯಲ್ಲಿ ಕೇಳಿದ್ದೆ. ವಾಹನದ ಬಿಡಿಭಾಗಗಳನ್ನು ಕೊಳ್ಳುವ ಕಂಪನಿಯೊಂದರ ಖರೀದಿ ವಿಭಾಗದಲ್ಲಿದ್ದ ಆ ಸಹಪಾಠಿ, ತಮ್ಮಲ್ಲಿ ಬಿಲ್ಲಿನ ದಿನ ಎಣಿಸಲು ಶುರುವಾಗುವುದೇ ಮಾಲಿನ ಪರಿಶೀಲನೆ ಮುಗಿದು ಸ್ವೀಕೃತಿ ದಾಖಲಾದ ಮೇಲೆ ಎಂದೂ, ಪರೀಕ್ಷಾ ವರದಿ ಜೊತೆಯಲ್ಲಿ ಬಾರದ ಲಾಟುಗಳು ಮೂಲೆಯಲ್ಲಿ ಕಾಯುತ್ತಿರುತ್ತವೆ ಎಂದೂ ತಿಳಿಸಿದರು. ಊರಿಗೆ ಬಂದು ನೋಡಿದರೆ ನಮ್ಮ ಪರೀಕ್ಷಾ ವರದಿಗಳು ಲಾರಿ ಹೋದ ಎಷ್ಟೋ ದಿನಗಳ ನಂತರ ಇಮೇಲ್‌ನಲ್ಲಿ ಹೋಗುತ್ತಿದ್ದವು. ವರದಿ ಇಲ್ಲದೆ ಲಾರಿ ಗೇಟು ದಾಟಬಾರದೆಂದು ನಿಯಮ ಮಾಡಿದ ಮೇಲೆ ಹಣ ಬರುವ ಅವಧಿ ಕಣ್ಣಿಗೆ ಕಾಣುವಷ್ಟು ಇಳಿಯಿತು. ಮೇಲಿನ ಉದಾಹರಣೆಯಲ್ಲಿ 75 ದಿನ 60 ಆದರೆ 45 ಲಕ್ಷ ರೂಪಾಯಿ ಬಿಡುಗಡೆಯಾಗುತ್ತದೆ. ಇಂಥ ಮಾತು ಪಠ್ಯಪುಸ್ತಕದಲ್ಲಿ ಸಿಗುವುದಿಲ್ಲ, ಧ್ವನಿಮುದ್ರಿತ ಪಾಠದಲ್ಲೂ ಸಿಗುವುದಿಲ್ಲ. ಮೇಜಿನ ಆಚೆ ಬದಿಯಲ್ಲಿ ಕೂತು ದುಡಿಯುವವರ ಪಕ್ಕದಲ್ಲಿ ಎರಡು ವರ್ಷ ಕೂತದ್ದರಿಂದ ಸಿಕ್ಕಿತು.

ಹಣದ ಕಾಲಮೌಲ್ಯದ, ಅಂದರೆ ಇಂದಿನ ರೂಪಾಯಿಗೆ ನಾಳೆಯ ರೂಪಾಯಿಗಿಂತ ಬೆಲೆ ಹೆಚ್ಚು ಎಂಬ ಪಾಠವನ್ನು ನಾನು ತೋಟಕ್ಕೇ ಹಚ್ಚಿ ನೋಡಿದೆ. ಕ್ವಿಂಟಲಿಗೆ 50,000 ರೂಪಾಯಿಯಂತೆ ಇಂದು ಮಾರಬಹುದಾದ ‘ರಾಶಿ’ ದರ್ಜೆಯ ಅಡಿಕೆಯನ್ನು ದರ ಏರಲೆಂದು ಆರು ತಿಂಗಳು ಮೂಟೆ ಕಟ್ಟಿ ಇಟ್ಟುಕೊಂಡರೆ, ಶೇ 9ರ ಸಾಲ ತಲೆಯ ಮೇಲಿರುವ ರೈತನಿಗೆ ದರ 2,250 ರೂಪಾಯಿ ಏರಿದರೂ ಏನೂ ಉಳಿಯುವುದಿಲ್ಲ. ಇಟ್ಟ ಮಾಲಿನ ತೂಕ ಇಳಿಯುವುದನ್ನೂ ಸೇರಿಸಿದರೆ ಇನ್ನಷ್ಟು ಏರಬೇಕು. ಈ ಲೆಕ್ಕವನ್ನು ಮಾವನವರಿಗೆ ತೋರಿಸಿದಾಗ ಅವರು, “ಸಾಲ ಇದ್ದವ ಅಡಿಕೆ ಇಟ್ಕೊಂಡು ಕೂರ್ಬಾರ್ದು ಅಂತ ನಮ್ಮಪ್ಪ ಹೇಳ್ತಿದ್ರು, ನೀನು ಅದನ್ನ ಬರೆದು ತೋರ್ಸಿದೆ” ಎಂದರು. ಹೊಸ ತೋಟ ಹಾಕುವ ಮಾತಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಏಳು ವರ್ಷದ ನಂತರ ಕೈಸೇರುವ 1 ಲಕ್ಷ ರೂಪಾಯಿ, ಶೇ 10ರ ದರದಲ್ಲಿ, ಇಂದಿನ ಸುಮಾರು 51,300 ರೂಪಾಯಿಗೆ ಸಮ. ಗದ್ದೆಯನ್ನು ತೋಟ ಮಾಡಲು ಹೊರಟಿರುವ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಈ ಒಂದು ಗುಣಾಕಾರ ನಡೆದಿಲ್ಲವೆಂಬುದು ನನ್ನನ್ನು ಈಗಲೂ ಕಾಡುತ್ತದೆ.

ಎರಡನೆಯ ವರ್ಷದ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ಮಳೆಗಾಲದಲ್ಲಿ ನಮ್ಮ ಎರಕಗಳಲ್ಲಿ ಹೆಚ್ಚುವ ರಿಜೆಕ್ಷನ್, ಅಂದರೆ ದೋಷದಿಂದ ತಿರಸ್ಕೃತವಾಗುವ ಮಾಲು. ಅಚ್ಚಿನ ಮರಳಿನಲ್ಲಿ ತೇವ ಹೆಚ್ಚಾದರೆ ಕರಗಿದ ಲೋಹ ತಾಗಿದ ಕ್ಷಣ ಆವಿ ಎದ್ದು, ಹೊರಹೋಗಲಾರದೆ ಎರಕದೊಳಗೆ ಗಾಳಿಗುಳ್ಳೆಯಾಗಿ ಉಳಿಯುತ್ತದೆ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಎಲ್ಲ ನಷ್ಟವನ್ನೂ ನಾವು ಮಲೆನಾಡಿನ ಮಳೆಯ ಲೆಕ್ಕಕ್ಕೆ ಬರೆದು ಸುಮ್ಮನಾಗುತ್ತಿದ್ದೆವು. ಮರಳಿನ ತೇವಾಂಶ ಮತ್ತು ರಿಜೆಕ್ಷನ್ ಜೊತೆಯಾಗಿ ಏರುವುದನ್ನು ನಕ್ಷೆಯಲ್ಲಿ ತೋರಿಸಿ ಪ್ರಾಜೆಕ್ಟ್ ಮುಗಿಯಿತೆಂದು ಭಾವಿಸಿದ್ದೆ. ಮಾರ್ಗದರ್ಶಕರು ಅದನ್ನು ಮರಳಿಸಿ, ಅದೇ ತಿಂಗಳುಗಳಲ್ಲಿ ಮಳೆಯಲ್ಲದೆ ಇನ್ನೇನು ಬದಲಾಗುತ್ತದೆ ಎಂದು ಕೇಳಿದರು. ಉತ್ತರ ನನ್ನ ಹಾಜರಿ ಪುಸ್ತಕದಲ್ಲೇ ಇತ್ತು: ನಾಟಿ ಶುರುವಾದರೆ ಅಚ್ಚು ಕಟ್ಟುವ ಪಳಗಿದ ಕೈಗಳು ಊರಿಗೆ ಹೋಗುತ್ತವೆ, ಅವರ ಜಾಗದಲ್ಲಿ ಹೊಸಬರು ನಿಲ್ಲುತ್ತಾರೆ. ಮಳೆಗಾಲದ ದಿನಗಳನ್ನೇ, ಪಳಗಿದವರು ಪೂರ್ತಿ ಇದ್ದ ದಿನಗಳು, ಇಲ್ಲದ ದಿನಗಳು ಎಂದು ಬೇರ್ಪಡಿಸಿ, ಒಂದೇ ಮಟ್ಟದ ತೇವಾಂಶದ ದಿನಗಳನ್ನು ಹೋಲಿಸಿದಾಗ ತೇವದ ಪಾಲು ಇದ್ದೇ ಇತ್ತು, ಆದರೆ ಕೈಗಳ ಕೊರತೆಯ ಪಾಲು ಅದಕ್ಕಿಂತ ದೊಡ್ಡದಿತ್ತು. ಮರಳು ಒಣಗಿಸುವ ಯಂತ್ರಕ್ಕೆ ಕೊಟೇಶನ್ ತರಿಸಿದ್ದ ನಮ್ಮ ಮಾಲೀಕರು ಅದನ್ನು ತಡೆಹಿಡಿದು, ಏಪ್ರಿಲ್–ಮೇ ತಿಂಗಳಲ್ಲೇ ಹೊಸಬರಿಗೆ ತರಬೇತಿ ಕೊಡುವ, ನಾಟಿಯ ರಜೆಯನ್ನು ಸರದಿಯ ಮೇಲೆ ಕೊಡುವ ವ್ಯವಸ್ಥೆಗೆ ಒಪ್ಪಿದರು. ಇಡೀ ಕೋರ್ಸಿನಲ್ಲಿ ನನಗೆ ಅತ್ಯಂತ ಬೆಲೆಬಾಳುವ ಪಾಠ ಆ ಮಾರ್ಗದರ್ಶಕರ ಒಂದು ಪ್ರಶ್ನೆ.

ದೂರುಗಳಿಗೆ ಬರುತ್ತೇನೆ. ಮಾರುಕಟ್ಟೆ ನಿರ್ವಹಣೆಯ ಪತ್ರಿಕೆಗಳು ನಿರಾಶೆ ತಂದವು. ಚರ್ಚೆಗೆ ತೆಗೆದುಕೊಂಡ ಪ್ರಕರಣಗಳೆಲ್ಲ ಮಹಾನಗರದ ಗ್ರಾಹಕರದ್ದು, ಮೊಬೈಲ್ ಆ್ಯಪ್ ಕಂಪನಿಗಳದ್ದು. ನಾಲ್ಕೇ ಗಿರಾಕಿಗಳನ್ನು ನಂಬಿ ನಡೆಯುವ ಕಾರ್ಖಾನೆ ಐದನೆಯವರನ್ನು ಹೇಗೆ ಹುಡುಕಬೇಕು ಎಂಬ ಪ್ರಶ್ನೆಗೆ ಅಲ್ಲಿ ಜಾಗವೇ ಇರಲಿಲ್ಲ. ಉದ್ಯೋಗ ಸಹಾಯದ ವಿಭಾಗ ಕರಪತ್ರದಲ್ಲಿ ಕಂಡಷ್ಟು ತರಗತಿ ಮುಗಿದ ಮೇಲೆ ಕಾಣಲಿಲ್ಲ. ನನ್ನನ್ನು ಹೆಚ್ಚು ನೋಯಿಸಿದ್ದು ಹಾಜರಾತಿಯ ನಿಯಮ. ಜುಲೈನ ಮಳೆಯಲ್ಲಿ ತೀರ್ಥಹಳ್ಳಿಯ ಮನೆಯಲ್ಲಿದ್ದಾಗ ಮರ ಬಿದ್ದು ಮೂರು ದಿನ ಕರೆಂಟು ಇರಲಿಲ್ಲ, ಮೊಬೈಲ್ ಗೋಪುರವೂ ಕೈಕೊಟ್ಟಿತು. ತಪ್ಪಿದ ಎರಡು ಸಂಜೆ ತರಗತಿಗಳ ಧ್ವನಿಮುದ್ರಿಕೆ ಕೇಳಿದರೆ ಕೊಡಲಿಲ್ಲ, ಗೈರುಹಾಜರಿಯನ್ನು ತಿದ್ದಲೂ ಇಲ್ಲ. ಉದ್ಯೋಗಸ್ಥರಿಗಾಗಿಯೇ ಇರುವ ಕೋರ್ಸು ರಾಜಧಾನಿಯ ಹೊರಗೂ ಉದ್ಯೋಗಸ್ಥರಿದ್ದಾರೆಂದು ತಿಳಿದು ನಿಯಮ ಮಾಡಬೇಕು. ಸೇರುವ ಮುಂಚೆ ಧ್ವನಿಮುದ್ರಿಕೆಯ ಬಗ್ಗೆ, ತಪ್ಪಿದ ಪರೀಕ್ಷೆಯನ್ನು ಮತ್ತೆ ಬರೆಯುವ ಬಗ್ಗೆ ಬರಹದಲ್ಲಿ ಕೇಳಿ ಪಡೆಯಿರಿ.

ಖರ್ಚಿನ ಬಗ್ಗೆ ಕೆಲವು ಮಾತು. ಶುಲ್ಕದ ಬಹುಪಾಲಿಗೆ ಬ್ಯಾಂಕಿನ ಶಿಕ್ಷಣ ಸಾಲ ಮಾಡಿದೆ. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ಉಳಿದಿದ್ದರೆ ಈ ಸಾಲದ ಬಡ್ಡಿಗೆ, ಬಡ್ಡಿ ಕಟ್ಟಲು ಆರಂಭಿಸಿದ ವರ್ಷದಿಂದ ಎಂಟು ವರ್ಷಗಳವರೆಗೆ, ವಿನಾಯಿತಿ ಸಿಗುತ್ತದೆ. ಅಸಲಿಗೆ ಸಿಗುವುದಿಲ್ಲ, ಹೊಸ ಪದ್ಧತಿಯಲ್ಲಿ ಬಡ್ಡಿಗೂ ಇಲ್ಲ. ಮಾಲೀಕರು ಹಣ ಕೊಡುವುದಾದರೆ ಎಷ್ಟು ವರ್ಷ ಅಲ್ಲೇ ದುಡಿಯಬೇಕೆಂಬ ಕರಾರು ಜೊತೆಯಲ್ಲೇ ಬರುತ್ತದೆ. ನಮ್ಮ ಮಾಲೀಕರ ಬಳಿ ನಾನು ಹಣ ಕೇಳಲಿಲ್ಲ. ತಿಂಗಳಿಗೆ ಎರಡು ಶನಿವಾರ ಮತ್ತು ಕಾರ್ಖಾನೆಯ ಅಂಕಿಗಳನ್ನು ಹೆಸರಿಲ್ಲದೆ ಬಳಸುವ ಅನುಮತಿ ಕೇಳಿದೆ. ಎರಡನೆಯದು ಸಿಗದಿದ್ದರೆ ಮೊದಲನೆಯದರಿಂದ ಅರ್ಧ ಪ್ರಯೋಜನವೂ ಆಗುತ್ತಿರಲಿಲ್ಲ.

ಬರೀ ಸಂಬಳ ಏರಿಸಿಕೊಳ್ಳಲು ಅಥವಾ ಬೇರೆ ಕಂಪನಿಗೆ ಹಾರಲು ಬಯಸುವವರಿಗೆ ಈ ಕೋರ್ಸನ್ನು ನಾನು ಧೈರ್ಯವಾಗಿ ಸೂಚಿಸಲಾರೆ. ನನ್ನ ಸಂಬಳದಲ್ಲಿ ಆದ ಏರಿಕೆ ಸಾಲದ ಕಂತಿಗೆ ಇನ್ನೂ ಸರಿಸಾಟಿಯಾಗಿಲ್ಲ. ಐದಾರು ವರ್ಷವಾದರೂ ಒಂದೇ ಕೆಲಸದಲ್ಲಿ ನಿಂತು, ಬಗೆಹರಿಯದ ಒಂದು ಸಮಸ್ಯೆಯನ್ನು ದಿನವೂ ಎದುರಿಸುತ್ತಿರುವವರಿಗೆ ಮನಸಾರೆ ಸೂಚಿಸುತ್ತೇನೆ. ನಮ್ಮಲ್ಲಿ ಅಚ್ಚಿಗೆ ಮಾದರಿ ತಯಾರಿಸುವ ಪ್ಯಾಟರ್ನ್ ವಿಭಾಗದ ಕಿರಿಯ ಸಹೋದ್ಯೋಗಿಯೊಬ್ಬರು ಮುಂದಿನ ವರ್ಷ ಪ್ರವೇಶ ಪರೀಕ್ಷೆ ಬರೆಯಬೇಕೆಂದಿದ್ದಾರೆ. ಅರ್ಜಿ ಹಾಕುವ ಮುಂಚೆ ತಮ್ಮ ವಿಭಾಗದ ಹನ್ನೆರಡು ತಿಂಗಳ ಅಂಕಿಗಳನ್ನು, ರಜೆ ಮತ್ತು ಮಳೆಯ ದಿನಗಳ ಸಮೇತ, ಒಂದು ಪುಸ್ತಕದಲ್ಲಿ ಬರೆದಿಡಲು ಅವರಿಗೆ ಹೇಳಿದ್ದೇನೆ. ಯುಗಾದಿಯಿಂದ ಬರೆಯಲು ಶುರುಮಾಡಿದ್ದಾರೆ.