ವಾರಂಟಿ ಇರೋದು ಲ್ಯಾಪ್‌ಟಾಪ್‌ಗೆ, ಒಳಗಿರೋ ಫೈಲುಗಳಿಗಲ್ಲ

ಲ್ಯಾಪ್‌ಟಾಪ್ ಸರ್ವಿಸ್‌ಗೆ ಕೊಡುವ ಮುಂಚೆ ದಯವಿಟ್ಟು ಇದನ್ನು ಓದಿ. ವಾರಂಟಿ ಇದೆ, ಏನೇ ಆದರೂ ಅವರೇ ನೋಡಿಕೊಳ್ಳುತ್ತಾರೆ ಅಂತ ನಂಬಿರುವವರಂತೂ ಓದಲೇಬೇಕು.

ನನ್ನ ಲ್ಯಾಪ್‌ಟಾಪ್ ಚೆನ್ನಾಗಿಯೇ ವಾಪಸ್ ಬಂತು. ಹೊಸ ಹಾರ್ಡ್ ಡಿಸ್ಕ್, ಹೊಸದಾಗಿ ಹಾಕಿದ ವಿಂಡೋಸ್, ನನ್ನ ಕೈಯಿಂದ ಖರ್ಚೂ ಇಲ್ಲ. ಆದರೆ ಹಳೆಯ ಡಿಸ್ಕ್‌ನಲ್ಲಿದ್ದ ಅಪ್ಪನ ದನಿಯ ರೆಕಾರ್ಡಿಂಗ್‌ಗಳು ಹೋದವು. ಅಪ್ಪ ಈಗ ಇಲ್ಲ.

ಶುರುವಾಗಿದ್ದು ನಿಧಾನವಾಗುವುದರಿಂದ. ಹಳೆಯ ಲ್ಯಾಪ್‌ಟಾಪ್ ನಿಧಾನ ಆಗೋದು ಸಹಜ, ಅದಕ್ಕೇ ಯಾರೂ ಅನುಮಾನ ಪಡುವುದಿಲ್ಲ. ಆದರೆ ಇದು ಬೇರೆ ತರಹ. ಎಲ್ಲ ಸರಿಯಾಗಿ ನಡೆಯುತ್ತಿರುತ್ತದೆ, ಯಾವುದೋ ಒಂದು ಫೋಲ್ಡರ್ ತೆರೆದಾಗ ಮಾತ್ರ ಮೇಲಿನ ಹಸಿರು ಪಟ್ಟಿ ಅರ್ಧಕ್ಕೆ ಬಂದು ನಿಂತುಬಿಡುತ್ತದೆ. ಫೈಲಿನ ಹೆಸರು ಕಾಣುತ್ತದೆ, ಫೈಲ್ ತೆರೆಯಲ್ಲ. ಆಮೇಲೆ ಸದ್ದು ಬಂತು. ಟಿಕ್, ಟಿಕ್, ಸ್ವಲ್ಪ ಹೊತ್ತು ಏನೂ ಇಲ್ಲ, ಮತ್ತೆ ಟಿಕ್. ಕೀಬೋರ್ಡ್ ಪಕ್ಕ ಅಂಗೈ ಇಟ್ಟರೆ ಪ್ರತಿ ಏಟೂ ಕೈಗೆ ಗೊತ್ತಾಗುತ್ತಿತ್ತು.

ಹಾರ್ಡ್ ಡಿಸ್ಕ್ ಒಳಗೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ತಟ್ಟೆಗಳಿರುತ್ತವೆ. ಅವುಗಳ ಮೇಲೆ ಓದುವ ಹೆಡ್ ತೇಲುತ್ತಿರುತ್ತದೆ. ನಡುವಿನ ಸಂದು ನಮ್ಮ ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಪಾಲು ಕಡಿಮೆ. ಹೆಡ್ ಕೆಟ್ಟರೆ ಅದಕ್ಕೆ ತನ್ನ ಜಾಗ ಸಿಗಲ್ಲ. ಹುಡುಕುತ್ತದೆ, ಹಿಂದಕ್ಕೆ ಹೋಗುತ್ತದೆ, ಮತ್ತೆ ಹುಡುಕುತ್ತದೆ, ಆ ಟಿಕ್ ಸದ್ದು ಅದೇ. ಹೆಡ್ ತಟ್ಟೆಗೆ ತಾಗಿದರೆ ಮೇಲಿನ ಪದರ ಕೆರೆದು ಹೋಗುತ್ತದೆ, ಡೇಟಾ ಇರುವುದೇ ಆ ಪದರದಲ್ಲಿ. ಹಾಗಾಗಿ ಈ ಸದ್ದು ಕೇಳಿದ ಕೂಡಲೇ ಲ್ಯಾಪ್‌ಟಾಪ್ ಆಫ್ ಮಾಡಬೇಕು. ನಾನು ಆಫ್ ಮಾಡಿ ಹಾಗೇ ಸರ್ವಿಸ್‌ಗೆ ಕೊಟ್ಟೆ, ಒಳಗೆ ಮುಖ್ಯವಾದ ಫೈಲುಗಳಿವೆ ಅಂತ ಬಾಯಿಬಿಟ್ಟು ಹೇಳಿಯೂ ಕೊಟ್ಟೆ.

ಅಲ್ಲಿ ಅವರು ಮಾಡಿದ್ದೇನು ಗೊತ್ತಾ? ರಾತ್ರಿಯಿಡೀ ಚೆಕ್ ಡಿಸ್ಕ್ ಓಡಿಸಿದ್ದಾರೆ. ಅದು ಡಿಸ್ಕ್‌ನ ಪ್ರತಿ ಸಣ್ಣ ತುಣುಕನ್ನೂ ಓದಿ, ಫೈಲ್ ವ್ಯವಸ್ಥೆಯನ್ನು ಸರಿಪಡಿಸಲು ನೋಡುವ ಸಾಧನ, ನಿಮ್ಮ ಫೈಲುಗಳನ್ನು ಉಳಿಸುವ ಸಾಧನ ಅಲ್ಲ. ಟಿಕ್ ಟಿಕ್ ಅನ್ನುತ್ತಿರುವ ಡಿಸ್ಕನ್ನು ಗಂಟೆಗಟ್ಟಲೆ ಹಾಗೆ ದುಡಿಸಿದರೆ ಉಳಿದ ಜೀವವೂ ಹೋಗುತ್ತದೆ. ಆಮೇಲೆ ಡಿಸ್ಕ್ ಹೋಗಿದೆ ಅಂತ ಹೊಸದು ಹಾಕಿದರು. ಸರಿ, ಹಳೆಯದು ಕೊಡಿ ಅಂದೆ. "ಕೊಡೋಕೆ ಬರಲ್ಲ ಮೇಡಂ, ವಾರಂಟಿಯಲ್ಲಿ ಬದಲಾಯಿಸಿದ ಮೇಲೆ ಹಳೇದು ಕಂಪನಿಗೆ ಹೋಗುತ್ತೆ, ಫಾರ್ಮ್‌ನಲ್ಲೇ ಇದೆ ನೋಡಿ" ಅಂದರು. ಇತ್ತು. ಹಿಂಬದಿಯಲ್ಲಿ, ಸಣ್ಣ ಅಕ್ಷರದಲ್ಲಿ. ಡೇಟಾಗೆ ನಾವು ಹೊಣೆಯಲ್ಲ ಅಂತಲೂ ಅಲ್ಲೇ ಇತ್ತು. ನಿಯಮ ಇರಲಿ, ಬೇಡ ಅನ್ನಲ್ಲ. ಆದರೆ ಡಿಸ್ಕ್ ಬಿಚ್ಚುವ ಮುಂಚೆ ಒಂದು ಫೋನ್ ಮಾಡಿ ಕೇಳಬಹುದಿತ್ತು ಅಲ್ವಾ? ನಾನು ವಾರಂಟಿಯನ್ನೇ ಬಿಟ್ಟುಬಿಡುತ್ತಿದ್ದೆ, ಡಿಸ್ಕನ್ನು ನೇರವಾಗಿ ಡೇಟಾ ರಿಕವರಿ ಲ್ಯಾಬ್‌ಗೆ ಒಯ್ಯುತ್ತಿದ್ದೆ. ಧೂಳು ಸೇರದ ಕೋಣೆಯಲ್ಲಿ ಡಿಸ್ಕ್ ಬಿಚ್ಚಿ ಹೆಡ್ ಬದಲಿಸುವವರು ಅಲ್ಲಿರುತ್ತಾರೆ. ಖಂಡಿತ ಸಿಗುತ್ತದೆ ಅಂತೇನೂ ಇಲ್ಲ, ಆದರೆ ಒಂದು ಆಸೆಯಾದರೂ ಇರುತ್ತಿತ್ತು.

ಅದಕ್ಕೇ ಹೇಳುತ್ತಿದ್ದೇನೆ. ಸ್ಕ್ರೀನ್ ಅಥವಾ ಕೀಬೋರ್ಡ್ ರಿಪೇರಿಗೆ ಕೊಟ್ಟರೂ ಸರಿ, "ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬಾರದು, ಡಿಸ್ಕ್ ಬದಲಿಸಬಾರದು" ಅಂತ ಫಾರ್ಮ್ ಮೇಲೆ ಬರೆಸಿ, ಅದರ ಫೋಟೋ ತೆಗೆದುಕೊಳ್ಳಿ. ಹಳೆಯ ಡಿಸ್ಕ್ ನಮ್ಮಲ್ಲೇ ಉಳಿಸಿಕೊಳ್ಳುವ ಸೌಲಭ್ಯ ಕೆಲವು ವಾರಂಟಿಗಳಲ್ಲಿ ಜಾಸ್ತಿ ಹಣ ಕೊಟ್ಟರೆ ಸಿಗುತ್ತದೆ, ಕೊಳ್ಳುವಾಗಲೇ ಕೇಳಿ.

ನನ್ನದು ಎಸ್ಎಸ್‌ಡಿ, ಅಂದರೆ ಚಿಪ್‌ಗಳಲ್ಲಿ ಡೇಟಾ ಇಡುವ ಡಿಸ್ಕ್, ತಿರುಗುವ ಭಾಗವೇ ಇಲ್ಲ ಅಂತ ನಿಶ್ಚಿಂತೆಯಿಂದ ಇರಬೇಡಿ. ಎಸ್ಎಸ್‌ಡಿ ಎಷ್ಟೋ ಸಲ ಯಾವ ಸದ್ದೂ ಸೂಚನೆಯೂ ಇಲ್ಲದೆ ಒಂದೇ ಸಲಕ್ಕೆ ಹೋಗುತ್ತದೆ. ತೆಳ್ಳಗಿನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ, ಬೋರ್ಡ್ ಬದಲಿಸಿದರೆ ಡೇಟಾವೂ ಅದರ ಜೊತೆಗೇ ಹೋಯಿತು. ಬೆಸುಗೆ ಇಲ್ಲದಿದ್ದರೂ, ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಆಗಿದ್ದರೆ, ಬೋರ್ಡ್ ಬದಲಾದ ಮೇಲೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆ ಕೀ ಎಲ್ಲಿದೆ ಅಂತ ಇವತ್ತೇ ನೋಡಿಟ್ಟುಕೊಳ್ಳಿ.

ಇನ್ನು ಬ್ಯಾಕಪ್ ವಿಷಯ. ನನ್ನ ಕೆಲಸದ ಫೈಲುಗಳು ಹೊರಗಿನ ಡಿಸ್ಕ್‌ನಲ್ಲಿದ್ದವು, ಅವೆಲ್ಲ ಸಿಕ್ಕವು. ರೆಕಾರ್ಡಿಂಗ್‌ಗಳ ಎರಡನೇ ಕಾಪಿ ಇದ್ದದ್ದು ಡಿ ಡ್ರೈವ್‌ನಲ್ಲಿ. ಸಿ ಡ್ರೈವ್ ಹೋದರೂ ಡಿ ಉಳಿಯುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ವಿಂಡೋಸ್ ಕೆಟ್ಟಾಗ ಮಾತ್ರ ಅದು ನಿಜ. ನನ್ನಲ್ಲಿ ಸಿ, ಡಿ ಎರಡೂ ಇದ್ದದ್ದು ಒಂದೇ ಡಿಸ್ಕ್‌ನಲ್ಲಿ. ಒಂದೇ ಕೋಣೆಗೆ ಪರದೆ ಕಟ್ಟಿ ಎರಡು ಮಾಡಿದ ಹಾಗೆ ಅದು, ಚಾವಣಿ ಬಿದ್ದರೆ ಎರಡೂ ಕಡೆ ಬೀಳುತ್ತದೆ. ಫೈಲುಗಳನ್ನು ಇಂಟರ್ನೆಟ್‌ನಲ್ಲೂ ಹಾಗೇ ಇಡುವ ಕ್ಲೌಡ್ ಸಿಂಕ್ ಒಂದನ್ನೇ ನಂಬುವುದೂ ಅಪಾಯ, ಇಲ್ಲಿ ಅಳಿಸಿದ್ದು ಅಲ್ಲೂ ಅಳಿಸಿಹೋಗುತ್ತದೆ. ಹೊರಗಿನ ಡಿಸ್ಕನ್ನು ಯಾವಾಗಲೂ ಚುಚ್ಚಿಯೇ ಇಟ್ಟರೆ ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಬಂದ ದಿನ ಅದೂ ಹೋಗುತ್ತದೆ. ಮೂರು ಕಾಪಿ, ಎರಡು ಬಗೆಯ ಸಾಧನದಲ್ಲಿ, ಒಂದಾದರೂ ಮನೆಯಿಂದ ಆಚೆ ಅನ್ನುವ 3-2-1 ಲೆಕ್ಕ ಈ ಎಲ್ಲಕ್ಕೂ ಸಾಕು.

ಕಾಪಿ ಮಾಡಿದ್ದು ನಿಜವಾಗಿ ತೆರೆಯುತ್ತದಾ ಅಂತಲೂ ಆಗಾಗ ನೋಡಬೇಕು. ಗಿಟ್‌ಲ್ಯಾಬ್ ಅನ್ನುವ, ಸಾಫ್ಟ್‌ವೇರ್ ಬರೆಯುವವರ ಕೋಡ್ ಇಟ್ಟುಕೊಳ್ಳುವ ಕಂಪನಿಯಲ್ಲಿ 2017ರ ಜನವರಿ 31ರಂದು ಮುಖ್ಯ ಡೇಟಾಬೇಸ್ ಅಳಿಸಿಹೋಯಿತು. ಡೇಟಾ ಉಳಿಸಿಕೊಳ್ಳಲು ಐದು ಬಗೆಯ ಏರ್ಪಾಡು ಇದ್ದರೂ ಒಂದನ್ನೂ ನಂಬುವ ಹಾಗಿರಲಿಲ್ಲ ಅಂತ ಅವರೇ ಬಹಿರಂಗವಾಗಿ ಬರೆದುಕೊಂಡರು. ಸುಮಾರು ಆರು ಗಂಟೆ ಮುಂಚೆ ಎಂಜಿನಿಯರೊಬ್ಬರು ಬೇರೆ ಕೆಲಸಕ್ಕೆ ಅಂತ ತೆಗೆದಿಟ್ಟಿದ್ದ ಪ್ರತಿಯೇ ಕೊನೆಗೆ ಕೈಹಿಡಿದದ್ದು.

ಈಗ ನಿಮ್ಮ ಡಿಸ್ಕ್ ಹೇಗಿದೆ ಅಂತ ನೋಡಬೇಕಾ? ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಉಚಿತ ಸಾಫ್ಟ್‌ವೇರ್ ಇದೆ, ತೆರೆದ ಕೂಡಲೇ ಬಣ್ಣದಲ್ಲಿ ತೋರಿಸುತ್ತದೆ. ನೀಲಿ (ಚೆನ್ನಾಗಿದೆ ಅಂತ) ಇದ್ದರೂ ಬ್ಯಾಕಪ್ ಬಿಡಬೇಡಿ, ಡಿಸ್ಕ್‌ಗಳು ಹೇಳದೆಯೂ ಹೋಗುತ್ತವೆ. ಹಳದಿ ಬಂದು ಕಾಷನ್ ಅಂತ ಇದ್ದರೆ ಸ್ಕ್ಯಾನ್, ರಿಪೇರಿ ಅಂತ ಏನೂ ಓಡಿಸಬೇಡಿ, ಅದೇ ಡಿಸ್ಕ್‌ಗೆ ರಿಕವರಿ ಸಾಫ್ಟ್‌ವೇರ್ ಹಾಕಲೂ ಬೇಡಿ. ಮೊದಲು ಮತ್ತೆ ಸಿಗದಂಥ ಫೈಲುಗಳನ್ನು ಹೊರಗೆ ಕಾಪಿ ಮಾಡಿ. ಸಿನಿಮಾ, ಸಾಫ್ಟ್‌ವೇರ್ ಎಲ್ಲ ಆಮೇಲೆ. ಸರ್ವಿಸ್‌ನವರಿಗೆ ಫೋನ್ ಮಾಡೋದು ಅದಕ್ಕೂ ಆಮೇಲೆ.