ಇಂಗ್ಲೆಂಡಿನ ಮಗುವಿನ ಕೇಸನ್ನು ಬೆಂಗಳೂರಿಗೆ ತರಿಸಿಕೊಡ್ತೀವಿ ಅನ್ನುವವರಿಗೆ ಒಂದು ರೂಪಾಯಿನೂ ಕೊಡಬೇಡಿ

ಹೊರದೇಶದಲ್ಲಿ ನಿಮ್ಮವರ ಮಗುವನ್ನು ಅಲ್ಲಿ ಮಕ್ಕಳ ರಕ್ಷಣೆ ನೋಡಿಕೊಳ್ಳೋ ಸರ್ಕಾರಿ ಸೋಶಿಯಲ್ ಸರ್ವೀಸಸ್‌ನವರು ಕರೆದುಕೊಂಡು ಹೋಗಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಹೇಳಿಕೊಳ್ಳೋಕೆ ನಾಚಿಕೆ ಆಗುತ್ತದೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಆ ಮನುಷ್ಯ ಇನ್ನೂ ಇದೇ ದಂಧೆ ಮಾಡುತ್ತಿದ್ದಾನೆ.

ತಮ್ಮ ಇಂಗ್ಲೆಂಡಿನಲ್ಲಿದ್ದಾನೆ. ಅವನ ಮಗಳು ಈಗ ಫಾಸ್ಟರ್ ಮನೆಯಲ್ಲಿ, ಅಂದರೆ ಸರ್ಕಾರ ಗೊತ್ತುಮಾಡಿದ ಬೇರೆಯವರ ಮನೆಯಲ್ಲಿದ್ದಾಳೆ, ಕೇಸ್ ಕೋರ್ಟಿನಲ್ಲಿದೆ. ಆ ವಿವರ ಇಲ್ಲಿ ಬೇಡ. ಅಮ್ಮ ಊಟ ನಿದ್ದೆ ಬಿಟ್ಟು ಕೂತಿದ್ದರು. ಆಗ ಪರಿಚಯದವರ ಮೂಲಕ ಬೆಂಗಳೂರಿನ ಒಬ್ಬ ‘ಇಂಟರ್‌ನ್ಯಾಷನಲ್ ಕನ್ಸಲ್ಟೆಂಟ್’ ಸಿಕ್ಕ. "ಹೇಗ್ ಒಪ್ಪಂದದ 8ನೇ ವಿಧಿ ಇದೆ ಸರ್, ಕೇಸನ್ನೇ ಬೆಂಗಳೂರಿಗೆ ವರ್ಗ ಮಾಡಿಸ್ತೀವಿ, ಮಗು ಹಿಂದೇನೇ ಬರುತ್ತೆ" ಅಂದ. (ಮಕ್ಕಳ ರಕ್ಷಣೆಗೆ ದೇಶಗಳು ಮಾಡಿಕೊಂಡ 1996ರ ಒಪ್ಪಂದ ಅದು, ಕೇಸನ್ನು ಒಂದು ದೇಶದಿಂದ ಇನ್ನೊಂದಕ್ಕೆ ಕೊಡೋಕೆ ಅದರ 8, 9ನೇ ವಿಧಿಗಳಲ್ಲಿ ದಾರಿ ಇದೆ.) 2012ರಲ್ಲಿ ನಾರ್ವೆಯಿಂದ ಬಂಗಾಳಿ ದಂಪತಿಯ ಮಕ್ಕಳು ಬಂದಿದ್ದೂ ಹೀಗೇ ಅಂತ ನಂಬಿಸಿದ. ಸುಳ್ಳು! ಅಲ್ಲಿ ಕೇಸೇನೂ ವರ್ಗ ಆಗಿರಲಿಲ್ಲ, ನಾರ್ವೆಯದೇ ಊರಾದ ಸ್ಟಾವೆಂಗರ್‌ನ ಕೋರ್ಟೇ ಮಕ್ಕಳನ್ನು ಚಿಕ್ಕಪ್ಪನ ಕೈಗೆ ಒಪ್ಪಿಸಿತ್ತು.

ನಂಬಿ ಕೊಟ್ಟ ದುಡ್ಡಿಗಿಂತ ಜಾಸ್ತಿ ಉರಿಯೋದು ಇನ್ನೊಂದಕ್ಕೆ. ಮಗುವನ್ನು ನೋಡಿಕೊಳ್ಳೋ ಸಂಬಂಧಿಕರು ಯಾರಾದರೂ ಇದ್ದಾರಾ ಅಂತ ಅಲ್ಲಿನ ಸೋಶಿಯಲ್ ವರ್ಕರ್ ನಮ್ಮನ್ನೇ ಕೇಳಿದ್ದರು. ಇವನು "ಉತ್ತರ ಕೊಡಬೇಡಿ, ಕೇಸ್ ಇಲ್ಲಿಗೇ ಬರುತ್ತಲ್ಲ" ಅಂದ. ಅಲ್ಲಿ ಇಂಥ ಕೇಸನ್ನು ಸಾಮಾನ್ಯವಾಗಿ 26 ವಾರದೊಳಗೆ ಮುಗಿಸಬೇಕು ಅಂತ ಕಾನೂನೇ ಇದೆ. ಆ ವಾರಗಳು ಸುಮ್ನೆ ಹೋದವು.

ಅವನು ಕಳಿಸಿದ ‘ವರ್ಗಾವಣೆ ಅರ್ಜಿ’ಯನ್ನು ತಮ್ಮ ತನ್ನ ಲಾಯರಿಗೆ ತೋರಿಸಿದ. ನಾನೂ ವಿಡಿಯೋ ಕಾಲ್‌ನಲ್ಲಿದ್ದೆ. ಮೇಲೆ ತಕ್ಕಡಿ ಚಿತ್ರ, ಕೆಳಗೆ ನೀಲಿ ದುಂಡು ಸೀಲು, ಕೇಸ್ ನಂಬರ್ ಜಾಗ ಖಾಲಿ. ಆಕೆ ಎರಡು ಸಲ ಓದಿ, "ಇದನ್ನು ಬರೆದವರು ಯಾರು? ಭಾರತ 1996ರ ಈ ಒಪ್ಪಂದಕ್ಕೆ ಸೇರಿಯೇ ಇಲ್ಲವಲ್ಲ" ಅಂದರು. 8ನೇ ವಿಧಿ ಆಗಲಿ 9ನೇ ವಿಧಿ ಆಗಲಿ, ಸೇರಿದ ದೇಶಗಳ ನಡುವೆ ಮಾತ್ರ ನಡೆಯುತ್ತದಂತೆ. ಮಗುವಿನ ಪಾಸ್‌ಪೋರ್ಟ್ ಭಾರತದ್ದು ಅನ್ನೋದರಿಂದ ಏನೂ ಬದಲಾಗಲ್ಲ, ಅದು ವಾಸ ಇರೋದು ಎಲ್ಲಿ ಅನ್ನೋದೇ ಮುಖ್ಯ. ತಮ್ಮ ಒಂದು ಮಾತೂ ಆಡಲಿಲ್ಲ. ನನಗೆ ಮುಖ ಎತ್ತೋಕೆ ಆಗಲಿಲ್ಲ.

ತಕ್ಷಣ ಅವನಿಗೆ ಮೆಸೇಜ್ ಹಾಕಿದೆ. "ಅದು ಆ ಲಾಯರ್ ಅಭಿಪ್ರಾಯ ಸರ್." ಭಾರತ ಸೇರಿದೆಯಾ ಇಲ್ವಾ, ಅಷ್ಟು ಹೇಳಿ ಅಂದೆ. "ನಮಗೆ ಸ್ಪೆಷಲ್ ಚಾನೆಲ್ ಇದೆ ಸರ್." ಸೇರಿದೆಯಾ ಇಲ್ವಾ? "ಪ್ರೊಸೆಸ್‌ನಲ್ಲಿದೆ ಸರ್." ದುಡ್ಡು ವಾಪಸ್ ಕೊಡಿ ಅಂದಿದ್ದಕ್ಕೆ "ಅದು ಡ್ರಾಫ್ಟಿಂಗ್ ಚಾರ್ಜ್, ವಾಪಸ್ ಬರಲ್ಲ. ನಿಮಗೆ ಮಗು ಬೇಕಾ, ದುಡ್ಡು ಬೇಕಾ?" ಅಂದ. ಹೀಗೆ ಕೇಳಿದನಲ್ಲ, ಅದನ್ನು ನಾನು ಸಾಯೋವರೆಗೂ ಮರೆಯಲ್ಲ.

ಇಷ್ಟು ತಿಳಿದಿರಲಿ. ಇಂಗ್ಲೆಂಡಿನಲ್ಲಿ ಮಗುವನ್ನು ಸರ್ಕಾರದ ಕೇರ್‌ಗೆ ತೆಗೆದುಕೊಳ್ಳೋ ಕೇಸ್ ಕೋರ್ಟಿಗೆ ಹೋದರೆ ಅಪ್ಪ ಅಮ್ಮನಿಗೆ ಸರ್ಕಾರದ ಖರ್ಚಿನಲ್ಲೇ ಲಾಯರ್ ಸಿಗುತ್ತಾರೆ, ಸಂಬಳ ಎಷ್ಟು ಅಂತಲೂ ನೋಡಲ್ಲ. ಊರಿನ ಅಜ್ಜಿ, ಚಿಕ್ಕಮ್ಮ, ದೊಡ್ಡಪ್ಪ ಯಾರು ಸಾಕೋಕೆ ತಯಾರಿದ್ದರೂ ಮೊದಲ ದಿನವೇ ಆ ಲಾಯರ್ ಮೂಲಕ ಹೆಸರು ಕೊಡಿಸಿ. ಕೋರ್ಟಿನ ಕಾಗದವನ್ನು ಇಂಥವರಿಗೆ ವಾಟ್ಸಾಪ್ ಮಾಡಬೇಡಿ, ಅದು ಅಲ್ಲಿ ಕೋರ್ಟ್ ನಿಂದನೆ ಆಗಬಹುದು. ಈ ಒಪ್ಪಂದಕ್ಕೆ ಯಾವ ದೇಶ ಸೇರಿದೆ ಅನ್ನೋ ಪಟ್ಟಿ, ಅದನ್ನು ರೂಪಿಸಿದ ಹೇಗ್ ಕಾನ್ಫರೆನ್ಸ್ ಸಂಸ್ಥೆಯ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ.

ಮಗುವನ್ನು ನಾವು ಸಾಕಬಲ್ಲೆವಾ ಅಂತ ನೋಡೋ, ನನ್ನ ಮತ್ತು ನನ್ನ ಹೆಂಡತಿಯ ಅಸೆಸ್‌ಮೆಂಟ್ ಈಗ ಶುರುವಾಗಿದೆ. ಯಾಕೆ ತಡ ಆಯಿತು ಅಂತ ಕೋರ್ಟಿಗೆ ಬರೆದುಕೊಡಬೇಕಾಯಿತು. ಅವನ ಮೇಲೆ ಪೊಲೀಸ್ ದೂರು ಕೊಟ್ಟಿದ್ದೇನೆ, ಇದೇ ಮಾತು ಹೇಳಿ ನಿಮ್ಮಿಂದಲೂ ಯಾರಾದರೂ ದುಡ್ಡು ತೆಗೆದುಕೊಂಡಿದ್ದರೆ ನೀವೂ ಕೊಡಿ.