ಸ್ಟಾಕ್ ಓವರ್‌ಫ್ಲೋ: ಹೊಸದಾಗಿ ಪ್ರಶ್ನೆ ಹಾಕೋರಿಗೆ ಅಂತ ಒಂದು ರಿವ್ಯೂ

ಕೋಡಿಂಗ್ ಕಲೀತಿರೋ ಹುಡುಗ್ರು ಹುಡುಗೀರು ಸಿಕ್ಕಾಗೆಲ್ಲ ಕೇಳೋದು ಒಂದೇ, ಪ್ರೋಗ್ರಾಮಿಂಗ್ ಪ್ರಶ್ನೆ ಕೇಳಿ ಉತ್ತರ ಪಡೆಯೋ ಸೈಟ್ ಆದ ಸ್ಟಾಕ್ ಓವರ್‌ಫ್ಲೋದಲ್ಲಿ ಪ್ರಶ್ನೆ ಹಾಕ್ಬೋದಾ, ಅಲ್ಲಿ ಸುಮ್ನೆ ಮೈನಸ್ ವೋಟ್ ಹಾಕ್ತಾರಂತೆ ನಿಜಾನಾ ಅಂತ. ಹಾಕಿ, ಭಯ ಬೇಡ, ಆದ್ರೆ ಆ ಸೈಟ್ ಹೇಗೆ ನಡೆಯುತ್ತೆ ಅಂತ ತಿಳ್ಕೊಂಡು ಹಾಕಿ. ನಾನು 5ಕ್ಕೆ 4 ಸ್ಟಾರ್ ಕೊಡ್ತೀನಿ, ಆ ಒಂದು ಸ್ಟಾರ್ ಯಾಕೆ ಕಟ್ ಮಾಡ್ದೆ ಅಂತಾನೂ ಹೇಳ್ತೀನಿ.

2008ರಲ್ಲಿ ಜೆಫ್ ಆಟ್‌ವುಡ್ ಮತ್ತೆ ಜೋಯಲ್ ಸ್ಪೋಲ್ಸ್ಕಿ ಶುರು ಮಾಡಿದ ಸೈಟ್ ಇದು. ಇಲ್ಲಿ ಉತ್ತರ ಬರೆಯೋರು ಯಾರೂ ಸಂಬಳಕ್ಕೆ ಕೂತಿಲ್ಲ, ತಮ್ಮ ಕೆಲಸದ ನಡುವೆ ಬಿಡುವು ಮಾಡ್ಕೊಂಡು ಬರೀತಾರೆ, ಅದೂ ನಿಮಗೊಬ್ರಿಗೇ ಅಂತಲ್ಲ, ನಾಲ್ಕೈದು ವರ್ಷ ಆದ್ಮೇಲೆ ಅದೇ ಎರರ್ ಮೆಸೇಜ್ ಗೂಗಲ್‌ಗೆ ಹಾಕಿ ಬರೋರಿಗೂ ಸೇರಿಸಿ ಬರೀತಾರೆ. ಇದೊಂದು ಅರ್ಥ ಆದ್ರೆ ಅಲ್ಲಿನ ರೂಲ್ಸ್ ಎಲ್ಲ ತಾನಾಗೇ ಅರ್ಥ ಆಗುತ್ತೆ. ಹಲೋ ಸರ್, ಅರ್ಜೆಂಟ್, ಪ್ಲೀಸ್ ಹೆಲ್ಪ್, ಥ್ಯಾಂಕ್ಸ್ ಇನ್ ಅಡ್ವಾನ್ಸ್ ಇದನ್ನೆಲ್ಲ ಎಡಿಟ್ ಮಾಡಿ ತೆಗೀತಾರೆ, ಅದು ಅವಮಾನ ಅಲ್ಲ, ಆಮೇಲೆ ಓದೋರಿಗೆ ಅದು ಬೇಕಾಗಿಲ್ಲ ಅಷ್ಟೇ. ಅದೇ ಪ್ರಶ್ನೆ ಮುಂಚೆನೇ ಯಾರೋ ಕೇಳಿದ್ರೆ ಡುಪ್ಲಿಕೇಟ್ ಅಂತ ಕ್ಲೋಸ್ ಮಾಡಿ, ಅಂದ್ರೆ ಹೊಸ ಉತ್ತರ ಬರೆಯೋಕಾಗದ ಹಾಗೆ ಮಾಡಿ, ಅದರ ಲಿಂಕ್ ಕೊಡ್ತಾರೆ, ಆ ಲಿಂಕ್ ಕ್ಲಿಕ್ ಮಾಡಿ ನೋಡಿ, ಎಷ್ಟೋ ಸಲ ಉತ್ತರ ಅಲ್ಲೇ ಇರುತ್ತೆ.

ಒಂದು ಉದಾಹರಣೆ ಹೇಳ್ತೀನಿ. ಪೈಥಾನ್ ಭಾಷೆಯ ಪಾಂಡಾಸ್‌ನಲ್ಲಿ (ಟೇಬಲ್ ಥರದ ಡೇಟಾ ನಿಭಾಯಿಸೋ ಲೈಬ್ರರಿ) ಒಂದು ಸಿಎಸ್‌ವಿ ಫೈಲ್ (ಕಾಮಾ ಹಾಕಿ ಕಾಲಂ ಬೇರೆ ಮಾಡಿರೋ ಟೆಕ್ಸ್ಟ್ ಫೈಲ್) ಓದ್ತೀರ, ಅದರಲ್ಲಿ ಬೆಂಗಳೂರಿನ 080, ಮೈಸೂರಿನ 0821, ಹುಬ್ಬಳ್ಳಿಯ 0836 ಹೀಗೆ ಎಸ್‌ಟಿಡಿ ಕೋಡ್ ಸೇರಿಸಿ ಬರೆದ ಲ್ಯಾಂಡ್‌ಲೈನ್ ನಂಬರ್‌ಗಳು, ಜೊತೆಗೆ ಒಂದಷ್ಟು ಮೊಬೈಲ್ ನಂಬರ್‌ಗಳೂ ಇವೆ, ಓದಿದ ಮೇಲೆ ನೋಡಿದ್ರೆ ಮುಂದಿನ ಸೊನ್ನೆ ಎಲ್ಲ ಮಾಯ. "ಪೈಥಾನ್ ಕೋಡ್ ವರ್ಕ್ ಆಗ್ತಿಲ್ಲ" ಅಂತ ಟೈಟಲ್ ಕೊಟ್ರೆ ಯಾರೂ ತೆಗೆದೂ ನೋಡಲ್ಲ. "ನಂಬರ್ ಮುಂದೆ ಸೊನ್ನೆ ಸೇರಿಸೋದು ಹೇಗೆ" ಅಂತ ಕೇಳಿದ್ರೆ ಉತ್ತರ ಬರುತ್ತೆ, ಆದ್ರೆ ತಪ್ಪು ಕೆಲಸಕ್ಕೆ ಸರಿ ಉತ್ತರ ಬರುತ್ತೆ, ಮೊಬೈಲ್ ನಂಬರ್‌ಗಳ ಮುಂದೆನೂ ಸೊನ್ನೆ ಕೂರುತ್ತೆ. ಇದನ್ನ ಪ್ರೋಗ್ರಾಮರ್‌ಗಳು ಎಕ್ಸ್ ವೈ ಪ್ರಾಬ್ಲಮ್ ಅಂತಾರೆ, ನಿಜವಾದ ತೊಂದರೆ ಬಿಟ್ಟು ನೀವೇ ಯೋಚಿಸಿದ ಅರ್ಧಂಬರ್ಧ ಪರಿಹಾರದ ಬಗ್ಗೆ ಕೇಳೋದು. "ಪಾಂಡಾಸ್‌ನಲ್ಲಿ ಸಿಎಸ್‌ವಿ ಓದುವಾಗ ನಂಬರಿನ ಮುಂದಿನ ಸೊನ್ನೆ ಹೋಗ್ತಿದೆ, ಉಳಿಸ್ಕೊಳ್ಳೋದು ಹೇಗೆ" ಅಂತ ಕೇಳಿ, ಎರಡು ಮೂರು ಸಾಲಿನ ಡಮ್ಮಿ ಡೇಟಾ, ಅದನ್ನ ಓದೋ ನಾಲ್ಕು ಸಾಲಿನ ಕೋಡ್, ಏನು ಬಂತು, ಏನು ಬರ್ಬೇಕಿತ್ತು, ಇಷ್ಟು ಹಾಕಿ, ಆಗ ಆ ಕಾಲಂನ ಡಿಟೈಪ್ (ಡೇಟಾದ ಬಗೆ) ಸ್ಟ್ರಿಂಗ್, ಅಂದ್ರೆ ಸಂಖ್ಯೆ ಅಲ್ಲ ಅಕ್ಷರ, ಅಂತ ಕೊಟ್ಟು ಓದಿ ಅಂತ ಒಂದೇ ಸಾಲಲ್ಲಿ ಕೆಲಸ ಮುಗಿಯುತ್ತೆ. ಇದಕ್ಕೇ ಅಲ್ಲಿ ಮಿನಿಮಲ್ ರಿಪ್ರೊಡ್ಯೂಸಿಬಲ್ ಎಕ್ಸಾಂಪಲ್ ಅನ್ನೋದು. ನನ್ನ ಪ್ರಕಾರ ಈ ಸೈಟ್ ಕಲಿಸೋ ಅತಿ ದೊಡ್ಡ ಪಾಠ ಇದೇ, ಯಾಕಂದ್ರೆ ಪ್ರಾಬ್ಲಮ್‌ನ ಅಷ್ಟು ಚಿಕ್ಕದು ಮಾಡೋಷ್ಟರಲ್ಲಿ ಎಷ್ಟೋ ಸಲ ತಪ್ಪು ಎಲ್ಲಿದೆ ಅಂತ ನಮಗೇ ಕಂಡುಬಿಡುತ್ತೆ.

ಕೋಡನ್ನ ಫೋಟೋ ಹೊಡೆದು ಹಾಕ್ಬೇಡಿ, ಟೆಕ್ಸ್ಟ್ ಆಗೇ ಪೇಸ್ಟ್ ಮಾಡಿ. ಫೋಟೋದಲ್ಲಿರೋ ಕೋಡನ್ನ ಯಾರೂ ಕಾಪಿ ಮಾಡಿ ರನ್ ಮಾಡಕ್ಕಾಗಲ್ಲ, ಸರ್ಚ್‌ಗೆ ಸಿಗಲ್ಲ, ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಅದನ್ನ ಓದಲ್ಲ. ಮತ್ತೆ ಆಫೀಸಿನ ಪಾಸ್‌ವರ್ಡ್, ಎಪಿಐ ಕೀ (ಬೇರೆ ಸರ್ವೀಸ್ ಬಳಸೋಕೆ ಪ್ರೋಗ್ರಾಮ್‌ಗೆ ಕೊಡೋ ಗುಟ್ಟಿನ ಕೋಡ್), ಕಸ್ಟಮರ್‌ಗಳ ನಿಜವಾದ ನಂಬರ್ ದಯವಿಟ್ಟು ಹಾಕ್ಬೇಡಿ, ಡಿಲೀಟ್ ಮಾಡಿದ್ರೂ ಪ್ರಶ್ನೆ ಉತ್ತರಕ್ಕೆ ಬೇರೆಯವರ ವೋಟ್ ಬಿದ್ದು 10,000 ಪಾಯಿಂಟ್ ದಾಟಿದೋರಿಗೆ ಆ ಪೋಸ್ಟ್ ಕಾಣ್ತಾನೇ ಇರುತ್ತೆ.

ಈಗ ಆ ಕಟ್ ಮಾಡಿದ ಸ್ಟಾರ್. ಮೈನಸ್ ವೋಟ್ ಹಾಕೋರು ಕಾರಣ ಹೇಳ್ಲೇಬೇಕು ಅಂತ ರೂಲ್ ಇಲ್ಲ, ಮೊದಲನೇ ಪ್ರಶ್ನೆಗೇ ಮೂರು ಮೈನಸ್ ಬಿದ್ದು ಒಂದು ಮಾತೂ ಇಲ್ಲ ಅಂದ್ರೆ ಕಲಿಯೋರು ಏನಂತ ತಿದ್ಕೋಬೇಕು? ಹೊಸಬರಿಗೆ ಈ ಜಾಗ ಅಷ್ಟು ಚೆನ್ನಾಗಿಲ್ಲ ಅಂತ 2018ರಲ್ಲಿ ಕಂಪನಿನೇ ತನ್ನ ಬ್ಲಾಗ್‌ನಲ್ಲಿ ಒಪ್ಕೊಂಡಿತ್ತು. 2024ರಲ್ಲಿ ಸ್ಟೇಜಿಂಗ್ ಗ್ರೌಂಡ್ ಅಂತ ತಂದ್ರು, ಹೊಸಬರ ಪ್ರಶ್ನೆ ಎಲ್ಲರಿಗೂ ಕಾಣೋಕೆ ಮುಂಚೆ ಅನುಭವ ಇರೋರು ನೋಡಿ ಏನು ಸರಿ ಮಾಡ್ಬೇಕು ಅಂತ ಹೇಳ್ತಾರೆ, ಒಳ್ಳೆ ಕೆಲಸ, ಆದ್ರೆ ಎಷ್ಟೋ ವರ್ಷ ಮುಂಚೆನೇ ಬರ್ಬೇಕಿತ್ತು. ಕ್ಲೋಸ್ ಆದ ಪ್ರಶ್ನೆನ ತಿದ್ದಿ ಮತ್ತೆ ಓಪನ್ ಮಾಡಿಸ್ಬೋದು ಅನ್ನೋದೂ ತುಂಬಾ ಜನಕ್ಕೆ ಗೊತ್ತಿಲ್ಲ.

ಇನ್ನೊಂದು ಕೊರತೆ ಭಾಷೆದು. ಮೇನ್ ಸೈಟ್ ಇಂಗ್ಲಿಷ್‌ನಲ್ಲಿ ಮಾತ್ರ. ಸ್ಪ್ಯಾನಿಷ್, ಪೋರ್ಚುಗೀಸ್, ರಷ್ಯನ್, ಜಪಾನೀಸ್‌ಗೆ ಬೇರೆ ಸೈಟ್ ಇವೆ, ಕನ್ನಡಕ್ಕಿಲ್ಲ. ಕನ್ನಡ ಮೀಡಿಯಂನಿಂದ ಬಂದಿರೋ ಎಷ್ಟೋ ಮಕ್ಕಳು ಕೋಡ್ ಚೆನ್ನಾಗಿ ಬರೆದ್ರೂ ಇಂಗ್ಲಿಷ್ ಪ್ಯಾರಾ ಬರೆಯೋಕೆ ಹೆದರಿ ಪ್ರಶ್ನೆನೇ ಹಾಕಲ್ಲ, ಅದು ನಂಗೆ ನಿಜವಾಗ್ಲೂ ಬೇಜಾರು. ಅವ್ರಿಗೆ ನಾನು ಹೇಳೋದು, ಚಿಕ್ಕ ಚಿಕ್ಕ ವಾಕ್ಯ ಬರೀರಿ, ಗ್ರಾಮರ್ ತಪ್ಪಿದ್ರೆ ಯಾರಾದ್ರೂ ಎಡಿಟ್ ಮಾಡ್ತಾರೆ, ಕೋಡ್ ಮತ್ತೆ ಎರರ್ ಪೂರ್ತಿ ಇದ್ರೆ ಮುಕ್ಕಾಲು ಪ್ರಶ್ನೆ ಆಯ್ತು ಅಂತ.

ಚಾಟ್‌ಜಿಪಿಟಿ ಇರುವಾಗ ಇದೆಲ್ಲ ಯಾಕೆ ಅಂತ ಕೇಳ್ಬೋದು. ಅದಕ್ಕೆ ಕೇಳೋದಿದ್ರೆ ಕೇಳಿ, ಆದ್ರೆ ಅದು ಕೊಟ್ಟಿದ್ದನ್ನ ಇಲ್ಲಿ ಉತ್ತರ ಅಂತ ಪೇಸ್ಟ್ ಮಾಡ್ಬೇಡಿ, 2022ರ ಡಿಸೆಂಬರ್‌ನಲ್ಲೇ ಅದನ್ನ ಬ್ಯಾನ್ ಮಾಡಿದಾರೆ. ಮನುಷ್ಯರು ಬರೆದ ಉತ್ತರದ ಕೆಳಗೆ ಇನ್ನೊಬ್ರು ಬಂದು ಇದು ಹೊಸ ವರ್ಷನ್‌ನಲ್ಲಿ ನಡೆಯಲ್ಲ ಅಂತ ಕಾಮೆಂಟ್ ಹಾಕಿರ್ತಾರಲ್ಲ, ನಂಗೆ ಅದರ ಬೆಲೆ ಜಾಸ್ತಿ.

ಉತ್ತರ ಸಿಕ್ಕಿ ಕೆಲಸ ಆದ್ರೆ ಉತ್ತರದ ಪಕ್ಕದ ಟಿಕ್ ಒತ್ತಿ ಅದನ್ನ ಒಪ್ಕೊಳ್ಳೋದು ಮರೀಬೇಡಿ, ಬರೆದೋರಿಗೆ 15 ಪಾಯಿಂಟ್, ನಿಮಗೆ 2. ಉತ್ತರ ನೀವೇ ಕಂಡ್ಕೊಂಡ್ರೆ "ಸಾಲ್ವ್ ಆಯ್ತು" ಅಂತ ಬರೆದು ಹೋಗ್ಬಿಡ್ಬೇಡಿ, ಹೇಗಾಯ್ತು ಅಂತ ನಿಮ್ಮ ಪ್ರಶ್ನೆಗೆ ನೀವೇ ಉತ್ತರ ಬರೀರಿ, ಅದಕ್ಕೆ ಅಲ್ಲಿ ಪೂರ್ತಿ ಅವಕಾಶ ಇದೆ.